ಗುಂಡಿ ಕಿತ್ತ ಅಂಗಿಗಳು

ಟೈಲರಣ್ಣನಿಗೆ ಪಾರ್ಶ್ವವಾಯು ಬಡಿದು ನಾಲ್ಕು ತಿಂಗಳಾಗಿತ್ತು. ಬಲಗೈ, ಬಲಗಾಲು ಸೋತಿದ್ದವು. ಮಾತು ತೊದಲುತ್ತಿತ್ತು. ಮನೆಯ ಮುಂಭಾಗದಲ್ಲೇ ಇದ್ದ ಅಂಗಡಿಯ ಬಾಗಿಲು ಮುಚ್ಚಿತ್ತು. ಹೊಲಿಗೆ ಯಂತ್ರದ ಮೇಲೆ ಹಳೇ ದುಪ್ಪಟಿ ಹೊದಿಸಿದ್ದರು. ಅವನು ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ.

ಹೆಂಡತಿ ಸೇವೆಯಲ್ಲಿ ಒಂದಿಷ್ಟೂ ಕೊರತೆ ಮಾಡಿರಲಿಲ್ಲ. ಹಲ್ಲು ಉಜ್ಜಿಸುವವಳು ಅವಳೇ, ತುತ್ತು ಬಾಯಿಗಿಡುವವಳು ಅವಳೇ. ಯಾರಾದರೂ ಬಂದು "ಹೇಗಿದ್ದೀಯಪ್ಪಾ?" ಎಂದರೆ, ಅವನು ಬಾಯಿ ತೆರೆಯುವಷ್ಟರಲ್ಲಿ "ಪರವಾಗಿಲ್ಲ, ಪರವಾಗಿಲ್ಲ" ಎಂದು ಉತ್ತರ ಕೊಡುವವಳೂ ಅವಳೇ. "ಗಂಡನ್ನ ಅಂಗೈಯಲ್ಲಿಟ್ಕೊಂಡು ನೋಡ್ಕೋತಾಳೆ" ಎಂದು ಅಕ್ಕಪಕ್ಕದವರೆಲ್ಲ ಹೊಗಳುತ್ತಿದ್ದರು. ಆ ಮಾತು ಕೇಳಿದಾಗ ಅವಳ ದಣಿವೂ ಸ್ವಲ್ಪ ಇಳಿಯುತ್ತಿತ್ತು.

ಅಂಗಿ ಹಾಕುವಾಗ ಮಾತ್ರ ರಗಳೆ. ಗುಂಡಿ ತಾನೇ ಹಾಕಿಕೊಳ್ಳುತ್ತೇನೆಂದು ಅವನು ಹಟ ಹಿಡಿಯುತ್ತಿದ್ದ. ಬಲಗೈಯ ಬೆರಳು ಜಾರುತ್ತಿತ್ತು, ಮೈ ಬೆವರುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಹಿಂದೆ ಅಂಗಡಿಯಲ್ಲಿ ಗುಂಡಿ ಕೂದಲೆಳೆಯಷ್ಟು ಓರೆಯಾದರೂ ಬಿಚ್ಚಿ ಮತ್ತೆ ಹೊಲಿಯುತ್ತಿದ್ದ ಆಸಾಮಿ! ಅವಳಿಗೆ ನೋಡಲಾಗಲಿಲ್ಲ. ಇಪ್ಪತ್ತು ವರ್ಷ ಅವನ ಅಂಗಡಿಯಲ್ಲಿ ಗುಂಡಿತೂತಿಗೆ ಕಾಜಾ ಹೊಲಿದು, ಗುಂಡಿ ಹಚ್ಚಿದವಳು. ಒಂದು ಮಧ್ಯಾಹ್ನ ಕುಳಿತು ಅವನ ಏಳೂ ಅಂಗಿಗಳ ಗುಂಡಿ ಕಿತ್ತಳು, ಒತ್ತಿದರೆ ಅಂಟುವ ಪಟ್ಟಿ ಹಚ್ಚಿದಳು. ಮರುದಿನ ಅಂಗಿ ತೊಡಿಸಿ ಎದೆಯ ಮೇಲೆ ಒತ್ತಿದಳು. ಕ್ಷಣದಲ್ಲಿ ಮುಗಿಯಿತು. ಅವನು ಪಟ್ಟಿಯನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. ಅಂದಿನಿಂದ ಆ ಬಲಗೈಯನ್ನು ಎತ್ತುವ ಗೋಜಿಗೇ ಹೋಗಲಿಲ್ಲ.

ಮೂರು ವಾರ ಇವರು ವ್ಯಾಯಾಮಕ್ಕೆ ಹೋಗದಿದ್ದಾಗ ಆಸ್ಪತ್ರೆಯ ಫಿಸಿಯೋಥೆರಪಿ ಮೇಡಂ ಮನೆಗೇ ಬಂದರು.

"ಯಾಕಮ್ಮ, ಬರ್ಲೇ ಇಲ್ವಲ್ಲ?"

"ಬಂದು ಏನು ಮಾಡೋದು ಮೇಡಂ? ನೋವು ಅಂತ ನರಳ್ತಾರೆ. ಬರೋದಿದ್ರೆ ಇಷ್ಟು ಹೊತ್ತಿಗೆ ಕೈ ಬರ್ತಿತ್ತು. ಇನ್ಯಾಕೆ ಅವರಿಗೆ ಹಿಂಸೆ? ನಾನಿದ್ದೀನಲ್ಲ, ಎಲ್ಲಾ ನಾನೇ ಮಾಡ್ತೀನಿ."

ಮೇಡಂ ಭುಜ ನೋಡಲು ಅಂಗಿ ಬಿಡಿಸಿದರು. ಪಟ್ಟಿ ಚರ್ರೆಂದಿತು.

"ಗುಂಡಿ ಎಲ್ಲಮ್ಮ?"

"ನಾನೇ ಕಿತ್ತೆ. ಒದ್ದಾಡ್ತಿದ್ರು, ಪಾಪ," ಎಂದಳು. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಮೇಡಂ ಅವನ ಬಲಗೈಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡರು. "ನೋವಿದ್ರೆ ನಮಗೆ ಹೇಳಿ, ವ್ಯಾಯಾಮ ಬದಲಾಯಿಸ್ತೀವಿ. ಬಿಟ್ಟುಬಿಡಬಾರದು. ಪೆಟ್ಟು ಬಿದ್ದಿರೋದು ಕೈಗಲ್ಲಮ್ಮ, ಮಿದುಳಿಗೆ. ಕೈ ಒಂದೇ ಕೆಲಸನ ನೂರಾರು ಸಲ ಮಾಡಿದ್ರೆ ಮಿದುಳು ಮತ್ತೆ ಕಲಿಯುತ್ತೆ. ಮೊದಮೊದಲ ತಿಂಗಳಲ್ಲಿ ಬೇಗ ಕಲಿಯುತ್ತೆ, ಆಮೇಲೆ ನಿಧಾನ. ಈ ಕೈಗೆ ಉಳಿದಿದ್ದು ಇದೊಂದು ಕೆಲಸ. ಅದೂ ಹೋಯ್ತು."

ಅವಳ ಮುಖ ಕಪ್ಪಿಟ್ಟಿತು. "ಅಂದ್ರೆ, ಅವರ ಕೈ ಹಾಳು ಮಾಡಿದ್ದು ನಾನಾ?"

"ಹಾಳು ಮಾಡಿದ್ದು ಕಾಯಿಲೆ. ನೀವು ಪ್ರೀತಿಯಿಂದ ಮಾಡಿದ್ರಿ, ನನಗೆ ಗೊತ್ತು. ಹೋದ ದಿನ ವಾಪಸ್ ಬರಲ್ಲ, ಸುಳ್ಳು ಹೇಳಲ್ಲ. ಕೈ ಪೂರ್ತಿ ಸರಿಹೋಗುತ್ತೆ ಅಂತಾನೂ ಹೇಳಲ್ಲ. ಆದ್ರೆ ಬರೋವಷ್ಟನ್ನ ಬಿಡೋದು ಬೇಡ."

ಮೇಡಂ ಅವನ ಕಡೆ ತಿರುಗಿದರು. "ಟೈಲರಣ್ಣ, ನಿಮಗೇನು ಬೇಕು?"

"ಅವರಿಗೇನು..." ಎಂದು ಹೆಂಡತಿ ಶುರು ಮಾಡಿದಳು. ಮೇಡಂ ಅವಳ ಕೈ ಹಿಡಿದು ತಡೆದರು. ಅವನ ತುಟಿ ಎರಡು ಸಲ ಅಲುಗಿ ನಿಂತಿತು. ಕೊನೆಗೆ ಅವನು ಹೆಂಡತಿಯನ್ನೇ ನೋಡುತ್ತ ಹೇಳಿದ:

"ನಾನು... ಇನ್ನೂ... ಇದ್ದೀನಿ... ಕಣೇ."

ನಾಲ್ಕು ತಿಂಗಳಿಂದ ತಡೆದುಕೊಂಡಿದ್ದ ಅಳು ಅವಳಿಗೆ ಒಮ್ಮೆಲೇ ಬಂತು. ಗಂಡ ಇದ್ದಾಗಲೇ ಇಲ್ಲದವನಂತೆ ನಡೆಸಿಕೊಂಡೆನಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತಳು.

ಅಂದು ಸಂಜೆಯೇ ಅಂಗಿಗಳಿಗೆ ದೊಡ್ಡ ಗುಂಡಿ ಹಚ್ಚಿದಳು. ಮರುದಿನ ಮೊದಲ ಗುಂಡಿಗೆ ಹನ್ನೆರಡು ನಿಮಿಷ ಹಿಡಿಯಿತು. ಅವಳು ತನ್ನ ಎರಡೂ ಕೈಗಳನ್ನು ತೊಡೆ ಕೆಳಗಿಟ್ಟು ಅದುಮಿಕೊಂಡು ಕುಳಿತಿದ್ದಳು. ಅವನು ಅಂಗಿಗೆ ಬೈದ, ಗುಂಡಿಗೆ ಬೈದ, ಅವಳಿಗೂ ಬೈದ. ಬೈಗುಳ ಮಾತ್ರ ಒಂದೂ ತೊದಲಲಿಲ್ಲ!

ಹೀಗೆ ಒಂದು ವರ್ಷ ಕಳೆಯಿತು. ಈಗ ಅವನು ಕೋಲು ಹಿಡಿದು ನಡೆಯುತ್ತಾನೆ, ತಾನೇ ಉಣ್ಣುತ್ತಾನೆ. ಕತ್ತರಿ ಮಾತ್ರ ಕೈಗೆ ಒಗ್ಗಲಿಲ್ಲ. ಒಮ್ಮೆ ಪ್ರಯತ್ನಿಸಿದಾಗ ಬಟ್ಟೆ ಸೊಟ್ಟಗೆ ಹರಿಯಿತು. ಅವನು ಮೇಜಿನ ಮೇಲೆ ತಲೆಯಿಟ್ಟು ಅತ್ತ. ಅವಳು ಸಮಾಧಾನ ಹೇಳಲಿಲ್ಲ, ಪಕ್ಕದಲ್ಲಿ ಕುಳಿತಳು. ಈಗ ಅಂಗಡಿ ಮತ್ತೆ ತೆರೆದಿದೆ; ಬಟ್ಟೆ ಕತ್ತರಿಸುವವಳು ಅವಳು, ಅಳತೆ ಹೇಳಿ ತಪ್ಪು ಹುಡುಕುವವನು ಅವನು. ಆ ನಾಲ್ಕು ತಿಂಗಳು ಸರಿಯಾಗಿ ದುಡಿಸಿದ್ದರೆ ಈ ಕೈ ಕತ್ತರಿ ಹಿಡಿಯುತ್ತಿತ್ತೋ ಏನೋ! ಅದನ್ನು ಯಾರೂ ಹೇಳಲಾರರು ಎಂದು ಮೇಡಂ ಹೇಳಿದ್ದಾರೆ. ಆದರೂ ಅವಳು ಆ ದಿನಗಳನ್ನು ಈಗಲೂ ಎಣಿಸುತ್ತಾಳೆ.

ಕಳೆದ ವಾರ ಅವಳಿಗೆ ಜ್ವರ. ಮಧ್ಯಾಹ್ನ ಮಲಗಿದ್ದಾಗ ಅಡುಗೆಮನೆ ಕಡೆಯಿಂದ ಕೋಲಿನ ಸದ್ದು ಬಂತು. ಎಡಗೈಯಲ್ಲಿ ಕೋಲು, ಬಲಗೈಯಲ್ಲಿ ನೀರಿನ ಲೋಟ. ಹೆಜ್ಜೆ ಹೆಜ್ಜೆಗೂ ನೀರು ಚೆಲ್ಲುತ್ತಿತ್ತು. ಎದ್ದು ಓಡಿ ಹಿಡಿದುಕೊಳ್ಳಬೇಕೆಂದು ಅವಳ ಜೀವ ಒದ್ದಾಡಿತು. ಏಳಲಿಲ್ಲ. ಅವನು ಹಾಸಿಗೆಯವರೆಗೆ ಬಂದು "ಕುಡಿ" ಎಂದ. ಉಳಿದಿದ್ದು ಅರ್ಧ ಲೋಟ. ಅವಳು ಒಂದು ಹನಿ ಬಿಡದೆ ಕುಡಿದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಅವರ ಹತ್ತಿರವೇ ಇರಿ, ಬೀಳದಂತೆ ನೋಡಿಕೊಳ್ಳಿ. ಆದರೆ ಅವರ ಕೈಗೆ ಆಗುವ ಕೆಲಸವನ್ನು ನೀವು ಕಿತ್ತುಕೊಳ್ಳಬೇಡಿ. ಅವರನ್ನು ಕೇಳಿದ್ದಕ್ಕೆ ಅವರೇ ಉತ್ತರ ಕೊಡಲಿ, ತಡವಾದರೆ ಕಾಯಿರಿ. ಹೇಳಿಕೊಟ್ಟ ವ್ಯಾಯಾಮ ತಪ್ಪಿಸಬೇಡಿ. ನಿಮಗೇ ಸುಸ್ತಾದರೆ ನಾಚಿಕೆಪಡದೆ ಇನ್ನೊಬ್ಬರ ನೆರವು ಕೇಳಿ. ನಾಳೆ ನೋಡೋಣ ಎನ್ನದೆ ಇವತ್ತೇ ಶುರು ಮಾಡಿ. ಟೈಲರಣ್ಣನ ಹೆಂಡತಿಗೆ ಆ ನಾಲ್ಕು ತಿಂಗಳು ಮತ್ತೆ ಸಿಗಲಿಲ್ಲ.