ಮೊಣಕೈ ಆಳದ ಜೇಬು

ಆ ಮನೆಯಲ್ಲಿ ಏನಾದರೂ ಕಾಣದಾದರೆ ಯಾರೂ ಹುಡುಕುತ್ತಿರಲಿಲ್ಲ, ದೊಡ್ಡವಳನ್ನು ಕೂಗುತ್ತಿದ್ದರು.

ದೊಡ್ಡವಳೆಂದರೆ ಹಿರಿಯ ಸೊಸೆ. ಒಲೆಯ ಮುಂದೆ ನಿಂತವಳು ಕತ್ತು ಕೂಡ ತಿರುಗಿಸದೆ ಹೇಳುತ್ತಿದ್ದಳು. ಮೈದುನನ ಬೈಕಿನ ಕೀಲಿಯೇ? "ನಿನ್ನೆ ಹಾಕಿದ್ದ ಪ್ಯಾಂಟಲ್ಲಿ ನೋಡು." ಗಂಡನ ಛತ್ರಿಯೇ? "ಆಫೀಸಲ್ಲೇ ಬಿಟ್ಟಿದ್ದೀರಿ, ಮೊನ್ನೆ ನೆಂದ್ಕೊಂಡು ಬಂದ್ರಲ್ಲ." ಹೇಳಿ ಮುಗಿದ ಮೇಲೆ ಗೊಣಗಾಟ ಬೇರೆ. "ನಾನೊಬ್ಬಳು ಸತ್ತರೆ ನೀವೆಲ್ಲ ಬರಿಗಾಲಲ್ಲಿ ಓಡಾಡ್ತೀರಿ, ಚಪ್ಪಲಿ ಎಲ್ಲಿದೆ ಅಂತ ಗೊತ್ತಾಗದೆ." ಆ ಗೊಣಗಾಟವೇ ಅವಳ ಸಂಬಳ.

ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಈ ಸಂಬಳ ದುಪ್ಪಟ್ಟಾಯಿತು. ಒಬ್ಬರೇ ಮಂಚದಿಂದ ಇಳಿಯಕೂಡದೆಂದು ಡಾಕ್ಟರ್ ಕಟ್ಟಪ್ಪಣೆ ಮಾಡಿದ್ದರು. "ದೊಡ್ಡವಳೇ, ಕನ್ನಡಕ." "ದೊಡ್ಡವಳೇ, ಬಾಚಣಿಗೆ." "ದೊಡ್ಡವಳೇ, ಆ ಮಂಡಿಗೆ ಹಚ್ಚೋ ಟ್ಯೂಬು." ದಿನಕ್ಕೆ ನಲವತ್ತು ಸಲ. ನಲವತ್ತು ಸಲವೂ ಅವಳು "ನನಗೇನು ಹತ್ತು ಕೈಯಿದೆಯಾ?" ಎನ್ನುತ್ತಲೇ ಓಡುತ್ತಿದ್ದಳು.

ಚಿಕ್ಕವಳು ಮೈದುನನ ಹೆಂಡತಿ. ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ. ಗೋಡೆಯ ತುಂಬ ಸಣ್ಣ ಸಣ್ಣ ಡ್ರಾಯರುಗಳಿರುವ ಆ ಅಂಗಡಿಯಲ್ಲಿ ದಿನವಿಡೀ ನಿಂತು ನಿಂತು, ಲೋಕದ ಎಲ್ಲ ಕಷ್ಟಕ್ಕೂ ಒಂದು ಡ್ರಾಯರು ಕಡಿಮೆಯಾಗಿರುವುದೇ ಕಾರಣ ಎಂದು ನಂಬಿದ್ದಳು. ಒಂದು ಭಾನುವಾರ ಅಡುಗೆಮನೆಗೆ ಬಂದಳು.

"ಅಕ್ಕಾ, ಅತ್ತೆ ಮಂಚಕ್ಕೆ ಒಂದು ಜೇಬಿನ ಬಟ್ಟೆ ಹೊಲಿದುಬಿಡ್ತೀನಿ. ಹಾಸಿಗೆ ಕೆಳಗೆ ಸಿಕ್ಕಿಸಿ ಪಕ್ಕದಲ್ಲಿ ಇಳಿಬಿಟ್ಟರೆ ಎಲ್ಲ ಅವರ ಕೈಗೇ ಸಿಗುತ್ತೆ. ನಿಮಗೂ ಓಡಾಟ ತಪ್ಪುತ್ತೆ."

"ನನಗೆ ಕಷ್ಟ ಅಂತ ನಾನೇನಾದ್ರೂ ಅಂದ್ನಾ?"

"ದಿನಾ ಅಂತೀರಲ್ಲ."

ದೊಡ್ಡವಳು ಒಲೆಯ ಉರಿ ಸಣ್ಣ ಮಾಡಿದಳು.

ಹೊಲಿಗೆ ಯಂತ್ರ ದೊಡ್ಡವಳದ್ದೇ. ಮದುವೆಗೆ ಮುಂಚೆ ಎರಡು ವರ್ಷ ಒಬ್ಬ ಟೈಲರ್ ಹತ್ತಿರ ಶಾಲೆಯ ಯೂನಿಫಾರ್ಮ್ ಹೊಲಿದವಳು ಅವಳು. ಒಂದೇ ದಿನದಲ್ಲಿ ನೂರು ಜೇಬು ಕೂರಿಸಿದ್ದೂ ಇದೆ. ಚಿಕ್ಕವಳು ಹೊಲಿಗೆ ಕಲಿತದ್ದು ಫೋನಿನಲ್ಲಿ ನೋಡಿಕೊಂಡು. ಹಜಾರದ ಹಳೆಯ ನೀಲಿ ಪರದೆಯನ್ನು ನೆಲದ ಮೇಲೆ ಹರವಿ ಕತ್ತರಿ ಆಡಿಸಿದಳು. ದೊಡ್ಡವಳು ಬೆಳ್ಳುಳ್ಳಿ ಸುಲಿಯುವ ನೆಪದಲ್ಲಿ ಬಾಗಿಲಲ್ಲೇ ಕೂತಳು.

ತಪ್ಪು ಅವಳ ಕಣ್ಣಿಗೆ ತಕ್ಷಣ ಬಿತ್ತು. ಜೇಬಿನ ಪಟ್ಟಿಯನ್ನು ಚಿಕ್ಕವಳು ಹಿಂದಿನ ಬಟ್ಟೆಯಷ್ಟೇ ಅಗಲಕ್ಕೆ ಕತ್ತರಿಸಿದ್ದಳು. ನೆರಿಗೆಗೆ ಒಂದು ಬೆರಳಿನಷ್ಟೂ ಬಟ್ಟೆ ಬಿಟ್ಟಿರಲಿಲ್ಲ. ಅಂಥ ಜೇಬು ಕಾಗದಕ್ಕಷ್ಟೇ ಸರಿ. ಕನ್ನಡಕದ ಡಬ್ಬಿ, ಟಾರ್ಚು ತುರುಕಿದರೆ ಹೊಲಿಗೆಯೇ ಬಿಟ್ಟುಕೊಡಬೇಕು. ಸಾಲದ್ದಕ್ಕೆ ಹೊಲಿಗೆಯ ತುದಿಯಲ್ಲಿ ಹಿಂದೆ ಮುಂದೆ ಓಡಿಸಿ ಗಟ್ಟಿ ಮಾಡುವುದನ್ನೂ ಬಿಟ್ಟಿದ್ದಳು.

ಹೇಳಬಹುದಿತ್ತು. ಒಂದು ಮಾತು ಸಾಕಿತ್ತು. ದೊಡ್ಡವಳು ತುಟಿ ಪಿಟಕ್ಕೆನ್ನಲಿಲ್ಲ. ಬೆಳ್ಳುಳ್ಳಿ ಮಾತ್ರ ಆ ದಿನ ಅಗತ್ಯಕ್ಕಿಂತ ಹೆಚ್ಚು ಸುಲಿದಿಟ್ಟಳು.

"ಹೇಗಿದೆ ಅಕ್ಕ?"

"ನೋಡೋಕೆ ಚೆನ್ನಾಗಿದೆ."

ಸೋಮವಾರದಿಂದ ಮನೆಯ ಬಾಯಿ ಕಟ್ಟಿದಂತಾಯಿತು. ದೊಡ್ಡವಳು ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು, ಮಿಕ್ಸಿ ನಿಲ್ಲಿಸಿ ಕಿವಿಗೊಟ್ಟಳು. ಕೂಗಿಲ್ಲ. ಕೊನೆಗೆ ತಾನೇ ಹೋಗಿ ಬಾಗಿಲಲ್ಲಿ ನಿಂತಳು.

"ಏನಾದ್ರೂ ಬೇಕಾ ಅತ್ತೆ?"

"ಏನೂ ಬೇಡಮ್ಮ. ಎಲ್ಲ ಇಲ್ಲೇ ಇದೆ." ಅತ್ತೆ ಸಾಕಿದ ಬೆಕ್ಕಿನ ಬೆನ್ನು ಸವರುವಂತೆ ಜೇಬುಗಳನ್ನು ಸವರಿದರು. ಎಂಟು ಜೇಬು. ಫೋನು, ಮಾತ್ರೆ, ಬಾಚಣಿಗೆ, ಟಾರ್ಚು, ಉಗುರು ಕತ್ತರಿ ಎಲ್ಲವೂ ತಮ್ಮ ತಮ್ಮ ಮನೆಯಲ್ಲಿ ಸಂಸಾರ ಹೂಡಿದ್ದವು.

ಪಕ್ಕದ ಮನೆಯಾಕೆ ನೋಡಲು ಬಂದವಳು ಅದರ ಫೋಟೋ ತೆಗೆದುಕೊಂಡಳು. "ಚಿಕ್ಕ ಸೊಸೆಗೆ ಎಂಥಾ ತಲೆ ನೋಡಿ."

ಅತ್ತೆ ನಗುತ್ತ ಅಂದರು, "ಹೌದಮ್ಮ. ನಮ್ಮ ದೊಡ್ಡವಳಿಗೆ ಕಾಲು, ಚಿಕ್ಕವಳಿಗೆ ತಲೆ. ಇಬ್ಬರೂ ಸೇರಿದ್ರೆ ಪೂರ್ತಿ ಒಂದು ಸೊಸೆ."

ಟೀ ಹಿಡಿದು ಹೊಸ್ತಿಲಲ್ಲಿದ್ದ ದೊಡ್ಡವಳಿಗೆ ಇದು ಕೇಳಿಸಿತು. ಟೀ ಕೊಟ್ಟಳು, ಬಿಸ್ಕತ್ತು ಕೊಟ್ಟಳು, ನಕ್ಕಳು ಕೂಡ. ಹಾಸಿಗೆ ಸರಿಮಾಡುವ ನೆವದಲ್ಲಿ ಬಗ್ಗಿದಾಗ ಟಾರ್ಚಿನ ಜೇಬಿನ ಪಕ್ಕ ಎರಡು ಹೊಲಿಗೆ ಬಿಚ್ಚಿಕೊಂಡಿದ್ದು ಕಂಡಿತು. ಹೊಟ್ಟೆಯೊಳಗಿನ ಬೆಂಕಿಗೆ ತಣ್ಣೀರು ಎರಚಿದಂತಾಯಿತು. ಅಂದಿನಿಂದ ದಿನವೂ ಎಣಿಸಿದಳು. ಮೂರು. ಐದು. ಒಲೆಯ ಮೇಲಿನ ಹಾಲನ್ನೂ ಅವಳು ಅಷ್ಟು ನಿಗಾ ಇಟ್ಟು ಕಾದದ್ದಿಲ್ಲ.

ಮುಂದಿನ ವಾರದ ಬುಧವಾರ ಮಧ್ಯಾಹ್ನ ದಡಕ್ಕೆಂದು ಟಾರ್ಚು ನೆಲಕ್ಕೆ ಬಿತ್ತು. "ದೊಡ್ಡವಳೇ" ಎಂಬ ಕೂಗು ಮುಗಿಯುವ ಮೊದಲೇ ಅವಳು ಮಂಚದ ಪಕ್ಕದಲ್ಲಿದ್ದಳು.

"ಚಿಕ್ಕವಳು ಎಷ್ಟೊತ್ತಿಗೆ ಬರ್ತಾಳೆ?" ಅತ್ತೆ ಕೇಳಿದರು.

"ಯಾಕೆ?"

"ಅವಳ ಜೇಬು ಬಿಚ್ಚಿಕೊಂಡಿದೆ ನೋಡು."

"ನಾನು ಹೊಲಿದುಕೊಡ್ತೀನಿ, ಕೊಡಿ."

"ನಿನಗ್ಯಾಕೆ ತೊಂದರೆ? ಮಾಡಿದವಳಿಗೆ ಅದರ ಮರ್ಮ ಗೊತ್ತಿರುತ್ತೆ."

ಹತ್ತು ದಿನ ಕಾದು ಕಾದು ಸಿಕ್ಕಿದ ಗೆಲುವು ಇಷ್ಟೇ. ಸಂಜೆ ಚಿಕ್ಕವಳು ಬಿಚ್ಚಿದ ಜಾಗವನ್ನು ನೋಡಿ "ಭಾನುವಾರ ಕೂತು ಸರಿ ಮಾಡ್ತೀನಿ ಅತ್ತೆ" ಎಂದಳು. ಹರಿದ ಜೇಬಿಗೂ ಅತ್ತೆ ಅವಳನ್ನೇ ಹೊಗಳಿದರು, ದುಡಿದು ಬಂದು ದಣಿದಿದ್ದಾಳೆಂದು.

ಗುರುವಾರ ದೊಡ್ಡವಳು "ಕೊಳೆಯಾಗಿದೆ, ಒಗೆದು ಹಾಕ್ತೀನಿ" ಎಂದು ಆ ಬಟ್ಟೆಯನ್ನು ಎತ್ತಿಕೊಂಡು ಹೋದಳು. ಒಗೆದು ಒಣಗಿಸಿ, ಶುಕ್ರವಾರ ಬೆಳಿಗ್ಗೆ ಎಲ್ಲರೂ ಮನೆ ಬಿಟ್ಟ ಮೇಲೆ ಬ್ಲೇಡು ಹಿಡಿದು ಜೇಬುಗಳನ್ನೆಲ್ಲ ಬಿಚ್ಚಿದಳು. ಉಳಿದ ಪರದೆಯಿಂದ ಒಂದೂವರೆಪಟ್ಟು ಅಗಲದ ಹೊಸ ಪಟ್ಟಿ ಕತ್ತರಿಸಿ, ಪ್ರತಿ ಜೇಬಿಗೂ ಎರಡು ಬದಿ ನೆರಿಗೆ ಹಿಡಿದು, ತುದಿಗಳನ್ನು ಮೂರು ಮೂರು ಸಲ ಗಟ್ಟಿ ಮಾಡಿದಳು. ಹನ್ನೆರಡು ವರ್ಷದ ಮೇಲೆ ಕೈ ತನ್ನ ಕೆಲಸ ನೆನಪಿಸಿಕೊಂಡಿತು. ಅವಳ ಟೈಲರ್ ಇದ್ದಿದ್ದರೆ ಉಗುರಿನಿಂದ ಕೆರೆದು ನೋಡಿ, ಏನೂ ಹೇಳದೆ ಮುಂದಿನ ಬಟ್ಟೆ ಕೊಡುತ್ತಿದ್ದ. ಅವನ ಹೊಗಳಿಕೆ ಅಷ್ಟೇ.

ಕನ್ನಡಕದ ಜೇಬು ಕೊನೆಗೆ ಉಳಿಯಿತು. ಅದಕ್ಕೊಂದು ಬೇರೆ ತುಂಡು ಕತ್ತರಿಸಿ, ತನ್ನ ಮೊಣಕೈ ಇಟ್ಟು ಅಳೆದು, ಬಟ್ಟೆಯ ಕೆಳ ಅಂಚಿನವರೆಗೂ ಇಳಿಸಿ ಹೊಲಿದಳು. ಮಲಗಿದವರ ಬೆರಳು ತಳ ಮುಟ್ಟಬಾರದು, ಅಷ್ಟೇ.

ಊಟ ಮಾಡಿ ಅತ್ತೆ ನಿದ್ದೆ ಹೋದಾಗ ಅದನ್ನು ಸಿಕ್ಕಿಸಿ ಸಾಮಾನು ತುಂಬಿದಳು. ಮೂರು ಗಂಟೆಗೆ ಕೂಗು ಬಂತು.

"ದೊಡ್ಡವಳೇ, ಕನ್ನಡಕ ಸಿಗ್ತಿಲ್ಲ."

ಬೇಕೆಂದೇ ನಿಧಾನವಾಗಿ ಕೈ ಒರೆಸಿಕೊಂಡಳು. "ಬಂದೆ ಬಂದೆ. ನನಗೇನು ಹತ್ತು ಕೈಯಿದೆಯಾ?" ಜೇಬಿನೊಳಗೆ ತೋಳು ಇಳಿಸಿ ಕನ್ನಡಕ ತೆಗೆದುಕೊಟ್ಟಳು.

ಅತ್ತೆ ಅದನ್ನು ಮೂಗಿಗೇರಿಸಿ ಮೊದಲು ನೋಡಿದ್ದು ಆ ಬಟ್ಟೆಯನ್ನೇ. ನೆರಿಗೆ ಬಿಡಿಸಿದರು, ಹೊಲಿಗೆ ಎಳೆದರು. "ಅಬ್ಬಾ, ಚಿಕ್ಕವಳ ಕೈ ಎಷ್ಟು ಬೇಗ ಪಳಗಿದೆ ನೋಡೇ. ಭಾನುವಾರ ಅಂದವಳು ಬೆಳಿಗ್ಗೆಯೇ ಹೊಲಿದಿಟ್ಟು ಹೋಗಿದ್ದಾಳೆ, ನಿದ್ದೆಗಣ್ಣಲ್ಲಿ ಯಂತ್ರದ ಸದ್ದು ಕೇಳಿಸ್ತು ನನಗೆ. ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಇಂಥದ್ದು ಸಿಗಲ್ಲ. ಕನ್ನಡಕದ ಜೇಬೊಂದು ಆಳವಾಯ್ತು. ಪಾಪ, ಗೊತ್ತಾಗಿಲ್ಲ ಅವಳಿಗೆ."

ನಾನು ಹೊಲಿದದ್ದು ಎನ್ನಲು ದೊಡ್ಡವಳು ಬಾಯಿ ತೆರೆದಳು. ಏಳು ಜೇಬು ತನ್ನದೆಂದರೆ ಎಂಟನೆಯದೂ ತನ್ನದೇ ಆಗುತ್ತದೆ. ನೂರು ಜೇಬು ಕೂರಿಸಿದವಳಿಗೆ ಕನ್ನಡಕದ ಅಳತೆ ತಿಳಿಯಲಿಲ್ಲವೇ ಎಂದು ಅತ್ತೆ ಕೇಳಿದರೆ? ಬಿಸಿ ತುಪ್ಪ ಬಾಯಿಯಲ್ಲಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಹೂಂ," ಅಂದಳು. "ಚೆನ್ನಾಗಿ ಹೊಲಿದಿದ್ದಾಳೆ."

ಸಂಜೆ ಹೊಗಳಿಕೆಯ ಮಳೆ ಮೈಮೇಲೆ ಬಿದ್ದಾಗ ಚಿಕ್ಕವಳು ಒಂದು ಕ್ಷಣ ತಬ್ಬಿಬ್ಬಾದಳು. ಜೇಬುಗಳನ್ನು ಒಂದೊಂದಾಗಿ ಮುಟ್ಟಿದಳು. ಕನ್ನಡಕದ ಜೇಬಿಗೆ ಕೈ ಹಾಕಿದಳು, ಹಾಕುತ್ತಲೇ ಹೋದಳು. ಆಮೇಲೆ ಬಾಗಿಲಲ್ಲಿ ನಿಂತ ದೊಡ್ಡವಳನ್ನು ನೋಡಿದಳು.

"ಹೌದತ್ತೆ, ಆಳವಾಗಿದೆ," ಅಂದಳು. "ಭಾನುವಾರ ಸರಿ ಮಾಡ್ತೀನಿ."

ಅಡುಗೆಮನೆಯಲ್ಲಿ ಇಬ್ಬರೇ ಆದಾಗ ಚಿಕ್ಕವಳು ತಟ್ಟೆ ಒರೆಸುತ್ತ ಕೇಳಿದಳು, "ಅಕ್ಕಾ, ಅದು ಕನ್ನಡಕಕ್ಕಾ, ಸೌಟಿಗಾ?"

ದೊಡ್ಡವಳು ಇನ್ನೊಂದು ತಟ್ಟೆ ತೊಳೆದು ಅವಳ ಕೈಗಿಟ್ಟಳು.

"ನೆರಿಗೆ ಬಿಡಬೇಕು ಅಂತ ಅವತ್ತೇ ಗೊತ್ತಿತ್ತು ನಿಮಗೆ."

"ನೀನು ಕೇಳಲಿಲ್ಲ."

"ಕೇಳಿದ್ರೆ ಹೇಳ್ತಿದ್ರಾ?"

ದೊಡ್ಡವಳು ಪ್ರಾಮಾಣಿಕವಾಗಿ ಯೋಚಿಸಿದಳು. "ಇಲ್ಲ ಕಣೆ."

ಚಿಕ್ಕವಳು ನಕ್ಕುಬಿಟ್ಟಳು. ಆ ನಗು ದೊಡ್ಡವಳಿಗೆ ಬೈಗುಳಕ್ಕಿಂತ ಕಹಿಯಾಯಿತು. ತಾನು ಹಗಲಿಡೀ ಉರಿದುಕೊಂಡ ವಿಷಯ ಇವಳಿಗೆ ನಗುವಷ್ಟು ಸಣ್ಣದು.

ಶನಿವಾರ ಅತ್ತೆ ಕನ್ನಡಕಕ್ಕೆಂದು ಹದಿನಾಲ್ಕು ಸಲ ಕೂಗಿದರು. ಹದಿನಾಲ್ಕು ಸಲವೂ ಅವಳು ಗೊಣಗುತ್ತ ಹೋದಳು.

ಭಾನುವಾರ ತಿಂಡಿ ಮುಗಿಸಿ ಚಿಕ್ಕವಳು ಯಂತ್ರದ ಮುಂದೆ ಕೂತಳು. ದಾರ ಪೋಣಿಸಿ, ಕೆಳಗಿನ ಮುಚ್ಚಳ ಸರಿಸಿದಳು. ಕೆಳದಾರ ಸುತ್ತಿದ ಬಾಬಿನ್ ಕೂರುವ ಕಬ್ಬಿಣದ ಡಬ್ಬಿಯ ಜಾಗ ಖಾಲಿ. ಅದಿಲ್ಲದೆ ಯಂತ್ರ ಒಂದು ಹೊಲಿಗೆಯನ್ನೂ ಹಾಕುವುದಿಲ್ಲ. ಡ್ರಾಯರು ಎಳೆದಳು, ಮಂಚದ ಕೆಳಗೆ ಬಗ್ಗಿದಳು, ಗುಂಡಿಯ ಡಬ್ಬಿ ಸುರುವಿ ನೋಡಿದಳು.

"ಅಕ್ಕಾ," ಎಂದು ಕೂಗಿದಳು ಕೊನೆಗೆ, "ಬಾಬಿನ್ ಕೇಸ್ ಎಲ್ಲಿದೆ?"

ದೊಡ್ಡವಳು ಒಲೆಯ ಮುಂದೆ ನಿಂತಿದ್ದಳು. ಕತ್ತು ತಿರುಗಿಸಲಿಲ್ಲ. ಸಕ್ಕರೆ ಡಬ್ಬಿಯ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿ ಮಾಡಿದಳು.

"ಗೊತ್ತಿಲ್ಲ ಕಣೆ," ಅಂದಳು. "ಅಲ್ಲೇ ಎಲ್ಲೋ ಇರುತ್ತೆ, ಹುಡುಕು."

ಆ ಮನೆಯಲ್ಲಿ ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.