ಹುಲಿಯಲ್ಲಿ ಅರ್ಧ ಪಾಲು

ಬಸವನಗುಡಿಯ ವನ್ಯಮಿತ್ರ ಕೂಟದಲ್ಲಿ ಹುಲಿಯ ವಿಷಯವಾಗಿ ಯಾರಿಗೆ ಸಂದೇಹ ಬಂದರೂ ಚಕ್ರಪಾಣಿಯನ್ನೇ ಕೇಳಬೇಕಿತ್ತು. ಅದು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾವಾಗ ಗರ್ಜಿಸುತ್ತದೆ ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. “ಹುಲಿ ಬೆಕ್ಕಿನ ಕುಲ, ಬೆಕ್ಕಿಗೆ ನೀರು ಕಂಡರೆ ಎಷ್ಟು ಅಸಹ್ಯವೋ ಹುಲಿಗೂ ಅಷ್ಟೇ” ಎಂಬ ಅವನ ಭಾಷಣದ ವಾಕ್ಯವನ್ನು ಸದಸ್ಯರು ತಮ್ಮ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದರು. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಚಕ್ರಪಾಣಿ ಈ ಜ್ಞಾನವನ್ನೆಲ್ಲ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಸಂಪಾದಿಸಿದ್ದ. ಲಾಲ್‌ಬಾಗಿಗಿಂತ ದಟ್ಟವಾದ ಕಾಡನ್ನು ಅವನು ಕಂಡೇ ಇರಲಿಲ್ಲವೆಂಬುದು ಅವನ ಹೆಂಡತಿ ಗೋದಾಗೆ ಮಾತ್ರ ಗೊತ್ತಿತ್ತು.

ಸಂಶಯಪಟ್ಟವರು ಒಬ್ಬರಿದ್ದರು. ಚಾಮರಾಜಪೇಟೆಯ ದೊರೆಸ್ವಾಮಿ, ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಹಿಂದೊಮ್ಮೆ ಅವರು ಬಸ್ಸಿನ ಕಿಟಕಿಯಿಂದ ಚಿರತೆಯನ್ನು ಕಂಡೆನೆಂದು ಹೇಳಿದಾಗ, ಇಬ್ಬರು ಕಂಡು ಇಬ್ಬರೂ ಒಂದೇ ಮಾತು ಹೇಳಿದರೆ ಮಾತ್ರ ಕೂಟ ಒಪ್ಪತಕ್ಕದ್ದೆಂಬ ನಿಯಮವನ್ನು ಮುಂದೊಡ್ಡಿ, ಆ ಚಿರತೆಯನ್ನು ಬೀದಿನಾಯಿಯ ಮಟ್ಟಕ್ಕೆ ಇಳಿಸಿದವನು ಚಕ್ರಪಾಣಿಯೇ. ದೊರೆಸ್ವಾಮಿ ಅದನ್ನು ಮರೆಯುವ ಜಾತಿಯವರಾಗಿರಲಿಲ್ಲ. ಕೂಟದ ಅಧ್ಯಕ್ಷಸ್ಥಾನ ತೆರವಾಗಿ, ಎಲ್ಲರ ಕಣ್ಣೂ ಚಕ್ರಪಾಣಿಯತ್ತ ತಿರುಗಿದ್ದ ಸಭೆಯಲ್ಲಿ ಅವರು ಗಂಟಲು ಸರಿಪಡಿಸಿಕೊಂಡರು.

“ಅಧ್ಯಕ್ಷರಾಗೋರು ಕಾಡಲ್ಲಿ ಒಂದು ಹುಲೀನಾದ್ರೂ ಕಣ್ಣಾರೆ ಕಂಡಿರ್ಬೇಕು ಅನ್ನೋದು ನನ್ನ ಸಲಹೆ. ನಿಯಮದ ಪ್ರಕಾರ ಇನ್ನೊಬ್ಬರ ಸಾಕ್ಷಿ ಸಮೇತ. ಏನಂತೀರಿ ಚಕ್ರಪಾಣಿ?”

“ಅದಕ್ಕೇನಂತೆ! ಇದೇ ಮೇ ತಿಂಗಳು ನಾನೂ ಗೋದಾನೂ ನಾಗರಹೊಳೆ, ಬಂಡೀಪುರ ಅಂತ ಹೊರಟಿದೀವಿ,” ಎಂದುಬಿಟ್ಟ ಚಕ್ರಪಾಣಿ.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಗೋದಾಗೆ ತಾನು ಹೊರಟಿರುವ ಸುದ್ದಿ ತಿಳಿದದ್ದು ಆಗಲೇ.

“ಗೋದಮ್ಮ ಸಾಕ್ಷಿ ಅಂದ್ರೆ ನನ್ನದೇನೂ ತಕರಾರಿಲ್ಲ,” ಎಂದರು ದೊರೆಸ್ವಾಮಿ. ಯಾರದೂ ಇರಲಿಲ್ಲ. ತನ್ನ ತಂಗಿಯನ್ನು ನೋಡಲು ಗಂಡಿನವರು ಬಂದಿದ್ದಾಗ, “ಉಪ್ಪಿಟ್ಟು ನಮ್ಮ ಹುಡುಗೀನೇ ಮಾಡಿದ್ದು” ಎಂದು ಹಿರಿಯರು ಹೇಳುತ್ತಿದ್ದಂತೆ, “ಇಲ್ಲ, ನಾನು ಮಾಡಿದ್ದು, ಅವಳಿಗೆ ರವೆ ಹುರಿಯೋಕೂ ಬರಲ್ಲ” ಎಂದವಳು ಗೋದಾ. ಆ ಸಂಬಂಧ ಮುರಿಯಿತು. ಅವಳ ಮಾತಿನ ಬೆಲೆ ಮಾತ್ರ ಗಾಂಧಿಬಜಾರಿನ ಉದ್ದಕ್ಕೂ ಏರಿತು.

ಮಕ್ಕಳನ್ನು ಮಾವಳ್ಳಿಯ ಅಜ್ಜಿಯ ಮನೆಯಲ್ಲಿ ಬಿಟ್ಟು, ಗಂಡಹೆಂಡಿರಿಬ್ಬರೇ ತಮ್ಮ ಹಳೆಯ ಕಾರಿನಲ್ಲಿ ಹೊರಟರು. ಮದುವೆಯಾದಂದಿನಿಂದ ಇಬ್ಬರೇ ಹೊರಟ ಮೊದಲ ಪ್ರಯಾಣ ಅದು. ಪುಳಿಯೋಗರೆಯ ಡಬ್ಬಿ, ಕೋಡುಬಳೆಯ ಡಬ್ಬಿ, ಕಾಯಿಸಿ ಆರಿಸಿದ ನೀರಿನ ದೊಡ್ಡ ಕೂಜ, ಇವೆಲ್ಲದರ ನಡುವೆ ಗೋದಾ ಹೇಗೋ ಒಂದು ಸೀಟು ಹಿಡಿದಿದ್ದಳು.

ಮೈಸೂರನ್ನು ಮುಟ್ಟಿದ ಮೇಲೆ ಚಕ್ರಪಾಣಿಯ ಅಕ್ಕ ಸುಂದರಮ್ಮನ ಮನೆಗೆ ಹೋಗದೆ ಮುಂದೆ ಸಾಗುವುದು ಆ ವಂಶದಲ್ಲಿ ಇನ್ನೂ ಯಾರೂ ಮಾಡದ ಅಪರಾಧ. “ಒಂದು ಲೋಟ ಮಜ್ಜಿಗೆ ಕುಡಿದು ಎದ್ದುಬಿಡೋಣ” ಎಂದು ಒಳಗೆ ಕಾಲಿಟ್ಟವರ ಮುಂದೆ ಬಾಳೆಯೆಲೆ ಬಿತ್ತು. ಊಟದ ಮೇಲೆ ರಾಹುಕಾಲ ಬಂತು. ರಾಹುಕಾಲ ಕಳೆಯುವಷ್ಟರಲ್ಲಿ ತಿಂಡಿಗೆ ಎಣ್ಣೆ ಕಾದಿತ್ತು.

“ಹುಲಿ ಎಲ್ಲೋಗತ್ತೋ ಚಕ್ರೀ? ನಾಳೆಯೂ ಅಲ್ಲೇ ಇರತ್ತೆ. ಬೋಂಡ ಆರೋಗತ್ತೆ, ತಿನ್ನು,” ಎಂದರು ಸುಂದರಮ್ಮ.

ಹೀಗಾಗಿ ನಾಗರಹೊಳೆಯನ್ನು ಅವರು ತಲುಪಿದ್ದು ಅರಣ್ಯ ಇಲಾಖೆಯ ವ್ಯಾನು ಅಂದಿನ ಕೊನೆಯ ಸುತ್ತು ಮುಗಿಸಿ ಬಂದ ಮೇಲೆ. ಮರುದಿನ ಬೆಳಗಿನ ಸುತ್ತಿನಲ್ಲಿ ಕೆಲವು ಜಿಂಕೆಗಳು ಕಂಡವು. ಇನ್ನೇನಾದರೂ ಕಾಣುತ್ತಿತ್ತೋ ಏನೋ. ಆದರೆ ಕಾಡಿನಲ್ಲಿ ಮೌನವಾಗಿರಬೇಕಾದ ಅಗತ್ಯವನ್ನು ಕುರಿತು ಚಕ್ರಪಾಣಿ ವ್ಯಾನಿನ ಪ್ರಯಾಣಿಕರಿಗೆಲ್ಲ ಗಟ್ಟಿಯಾಗಿ ಬೋಧಿಸುತ್ತಲೇ ಇದ್ದ. ಬಂಡೀಪುರದಲ್ಲಿಯೂ ಅದೇ ಬೋಧನೆ, ಅವೇ ಜಿಂಕೆಗಳ ಬಂಧುಗಳು. ರಜೆ ಮುಗಿಯುತ್ತ ಬಂದಿತ್ತು. ಹುಲಿಯಿಲ್ಲದೆ ಊರಿಗೆ ಮರಳುವ ಕಾರಿನಲ್ಲಿ ಚಕ್ರಪಾಣಿಯ ಮುಖ ಹಿಂಡಿದ ಒದ್ದೆಬಟ್ಟೆಯಂತಿತ್ತು.

ಕಾಡಿನ ಗಡಿ ದಾಟುವುದಕ್ಕೆ ಮುಂಚೆ ಕಾರು ಕುದಿಯಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಇಳಿಯಬಾರದೆಂಬ ಫಲಕದ ಪಕ್ಕದಲ್ಲೇ ಚಕ್ರಪಾಣಿ ಇಳಿದ. ಬಾನೆಟ್ ಎತ್ತಿ ಅದರ ಕೆಳಗೆ ತಲೆ ತೂರಿಸಿದ. ಗೋದಾ ಪಕ್ಕದ ಕಿಟಕಿಯಿಂದ ಹೊರಗೆ ನೋಡಿದಳು. ರಸ್ತೆಯ ಬದಿಯಲ್ಲಿ ತಗ್ಗು. ತಗ್ಗಿನಲ್ಲಿ ಬತ್ತುತ್ತಿದ್ದ ಒಂದು ಕಟ್ಟೆ. ಆ ಕಟ್ಟೆಯ ದಡಕ್ಕೆ, ಲಂಟಾನ ಪೊದೆಯನ್ನು ಸರಿಸಿಕೊಂಡು ಹುಲಿ ಬಂತು.

ಗೋದಾ ಕಿಟಕಿಯ ಅಂಚನ್ನು ಹಿಡಿದುಕೊಂಡಳು. “ರೀ,” ಎಂದಳು, ತುಟಿಯಲ್ಲೇ.

“ಶ್! ಕಾಡು ಕಣೇ ಇದು. ಮಾತಾಡ್ಬಾರ್ದು ಅಂತ ಎಷ್ಟು ಸಲ ಹೇಳೋದು?”

ಹುಲಿ ನೀರಿನ ಅಂಚಿಗೆ ಬಂದು ನಿಂತಿತು. ಆಮೇಲೆ ಅದು ಮಾಡಿದ ಕೆಲಸವನ್ನು ಗೋದಾ ಎಂದಿಗೂ ಮರೆಯಲಾರಳು. ನಿಧಾನವಾಗಿ ಹಿಂದಕ್ಕೆ ತಿರುಗಿ, ಮಂಡಿನೋವಿನ ಹಿರಿಯರು ಮಣೆಯ ಮೇಲೆ ಕೂರುವಾಗ ಮೊದಲು ಹಿಂಭಾಗವನ್ನು ಹುಷಾರಾಗಿ ಇಳಿಸುವಂತೆ, ಬಾಲದ ಕಡೆಯಿಂದ ನೀರಿಗಿಳಿಯಿತು. ಕತ್ತಿನವರೆಗೂ ಮುಳುಗಿ ಕುಳಿತು, ಕಣ್ಣು ಅರೆಮುಚ್ಚಿ, ದೊಡ್ಡದೊಂದು ಆಕಳಿಕೆ ತೆಗೆಯಿತು. ಅದರ ಒಂದು ಕಿವಿಯ ಅಂಚು ಹರಿದಿತ್ತು. ಆಕಳಿಕೆ ಮುಗಿದ ಮೇಲೆ ಅದು ಗೋದಾಳನ್ನು ನೋಡಿತು. ಬೇಡುವುದಕ್ಕಲ್ಲ, ಬೆದರಿಸುವುದಕ್ಕಲ್ಲ, ಅವಳಿದ್ದಾಳೆಂದು ತಿಳಿದುಕೊಳ್ಳಲು ನೋಡಿದಂತಿತ್ತು. ಅಷ್ಟು ಮಟ್ಟಿಗೆ ಅವಳನ್ನು ಯಾರಾದರೂ ನೋಡಿ ಎಷ್ಟೋ ಕಾಲವಾಗಿತ್ತು.

“ನೀರು ಸಾಲ್ದು,” ಚಕ್ರಪಾಣಿ ಪಿಸುಗುಟ್ಟುತ್ತ ಖಾಲಿ ಡಬ್ಬ ಹಿಡಿದು ಬಾನೆಟ್ಟಿನ ಹಿಂದಿನಿಂದ ಬಂದ. “ಕೆಳಗೆಲ್ಲೋ ಕಟ್ಟೆ ಇರೋ ಹಾಗಿದೆ. ತುಂಬಿಸ್ಕೊಂಡು ಬರ್ತೀನಿ.”

ಅವನು ಕಣ್ಣನ್ನು ಡಬ್ಬದ ಮುಚ್ಚಳದ ಮೇಲೆ ನೆಟ್ಟು ತಗ್ಗಿನ ಕಡೆಗೆ ಒಂದು ಹೆಜ್ಜೆ ಇಟ್ಟ. ಹುಲಿಯ ಕಿವಿ ನೆಟ್ಟಗಾಯಿತು. ತಾನು ಕೂಗಿದರೆ ಅವನೂ ಕೂಗುತ್ತಾನೆ. ಅವನು ಕೂಗಿದರೆ ಮುಂದಿನದನ್ನು ಊಹಿಸುವ ಧೈರ್ಯ ಗೋದಾಗಿರಲಿಲ್ಲ. ಅವಳು ಕೈ ಚಾಚಿ ಅವನ ಅಂಗಿ ಹಿಡಿದೆಳೆದು, ಕುಡಿಯುವ ನೀರಿನ ಕೂಜವನ್ನು ಅವನ ಎದೆಗೆ ಒತ್ತಿದಳು.

“ಇದನ್ನೇ ಹಾಕಿ.”

“ಕಾಯಿಸಿ ಆರಿಸಿದ ನೀರು! ಇಂಜಿನ್ನಿಗೆ ಯಾರಾದ್ರೂ...”

“ಹಾಕಿ ಅಂದೆ.”

ಆ ದನಿ ಅವನಿಗೆ ಹೊಸದು. ಗೊಣಗುತ್ತ ಮತ್ತೆ ಬಾನೆಟ್ಟಿನ ಕೆಳಗೆ ಹೋದ. ಅವನು ನೀರು ಸುರಿದು ಮುಗಿಸುವವರೆಗೂ ಹುಲಿ ಸ್ನಾನ ಮಾಡಿತು, ಗೋದಾ ನೋಡಿದಳು. ಬಾನೆಟ್ ದಢಾರೆಂದು ಮುಚ್ಚಿದ ಸದ್ದಿಗೆ ಅದು ಎದ್ದು, ಮೈ ಕೊಡವಿ, ಪೊದೆಯೊಳಗೆ ಕರಗಿತು.

ಕಾರು ಸ್ವಲ್ಪ ದೂರ ಸಾಗಿದ ಮೇಲೆ ಗೋದಾ ವಿಷಯ ಹೇಳಿದಾಗ ಚಕ್ರಪಾಣಿ ಕಾರನ್ನು ಹಿಂದಕ್ಕೆ ನಡೆಸಿದ, ಕಟ್ಟೆಯನ್ನು ದಿಟ್ಟಿಸಿದ, ಹಣೆ ಚಚ್ಚಿಕೊಂಡ. ಆದರೆ ಹುಲಿ ಹೇಗಿತ್ತೆಂದು ಒಂದು ಮಾತು ಕೇಳಲಿಲ್ಲ. ಹುಲಿ ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು.

ಗುಂಡ್ಲುಪೇಟೆಯವರೆಗೆ ಅವನು “ನೀನು ನೋಡಿದ ಹುಲಿ” ಎನ್ನುತ್ತಿದ್ದ. ಮೈಸೂರಿನಲ್ಲಿ ಅಕ್ಕನ ಮುಂದೆ ಅದು “ನಾವು ನೋಡಿದ ಹುಲಿ” ಆಯಿತು. ಮದ್ದೂರಿನಲ್ಲಿ ವಡೆ ಮುರಿಯುತ್ತ, “ನಾನು ಆ ಹುಲೀನ ನೋಡ್ದಾಗ” ಎಂದು ಪಕ್ಕದ ಮೇಜಿನವರಿಗೆ ಹೇಳುತ್ತಿದ್ದ.

“ನೀವು ನೋಡ್ಲಿಲ್ಲ,” ಎಂದಳು ಗೋದಾ ಕಾರಿನಲ್ಲಿ.

“ಸ್ಥಳದಲ್ಲಿ ಇದ್ನಲ್ಲ! ಒಂದು ಬಾನೆಟ್ ಅಡ್ಡ ಇತ್ತು ಅಷ್ಟೆ. ಗಂಡಹೆಂಡ್ತಿ ಅಂದ್ಮೇಲೆ ನಿಂದು ನಂದು ಅಂತ ಏನೇ? ಸಭೇಲಿ ‘ನಾವು ನೋಡಿದ್ವಿ’ ಅಂದ್ಬಿಡು, ಸಾಕು.”

ಗೋದಾ ಕಿಟಕಿಯ ಕಡೆ ತಿರುಗಿದಳು. ಮದುವೆಯಾದ ಮೇಲೆ ಅವಳದೆಂಬುದೆಲ್ಲ ಹೀಗೆಯೇ ಬಹುವಚನಕ್ಕೆ ಹೋಗಿತ್ತು. ಅವನಿಗೆ ಹುಳಿತೇಗು ಬಂದಾಗ “ನಮಗೆ ಕಾಫಿ ಹಿಡಿಸಲ್ಲ” ಎಂದಾಯಿತು. ಅವಳ ಕಾಫಿ ನಿಂತಿತು. ಅವನಿಗೆ ಚಿತ್ರಮಂದಿರದಲ್ಲಿ ನಿದ್ದೆ ಬರುತ್ತಿತ್ತು. “ನಾವು ಸಿನಿಮಾ ನೋಡಲ್ಲ” ಎಂದಾಯಿತು. ಅವಳೊಬ್ಬಳದೇ ಆಗಿ ಉಳಿದದ್ದು ಈ ಹುಲಿ ಮಾತ್ರ. ಇದರಲ್ಲಿ ಅರ್ಧ ಪಾಲು ಕೊಟ್ಟರೆ ಅವನು ಅಧ್ಯಕ್ಷ. ಕೊಡದಿದ್ದರೆ ಅವನು ಊರ ಮುಂದೆ ಸುಳ್ಳುಗಾರ.

ದೊರೆಸ್ವಾಮಿಯವರ ಮನೆಯ ನಡುಮನೆಯಲ್ಲಿ ಸಭೆ ಸೇರಿತು. ಎಲ್ಲರಿಗೂ ಪಾನಕ ಹಂಚಿದ ಮೇಲೆ ದೊರೆಸ್ವಾಮಿ ನ್ಯಾಯಾಲಯದ ಹಳೆಯ ದನಿ ತೆಗೆದರು.

“ಇಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸ್ತೀನಿ. ಗೋದಮ್ಮ, ನೀವು ಸ್ವಲ್ಪ ಹೊತ್ತು ಹೊರಗೆ ಜಗುಲೀಲಿ ಕೂತಿರಿ ತಾಯಿ.”

ಜಗುಲಿಯ ಬಾಗಿಲು ಮುಚ್ಚಿದರೂ ಚಕ್ರಪಾಣಿಯ ಕಂಠ ಬೀದಿಗೆ ಕೇಳುತ್ತಿತ್ತು. ಅವನ ಹುಲಿ ಬಂಡೆಯ ಮೇಲೆ ನಿಂತಿತ್ತು. ಗರ್ಜಿಸಿತು. ಹಾರಿತು. ಒಳಗೆ ಚಪ್ಪಾಳೆ ಬಿತ್ತು. ಕರೆ ಬಂದಾಗ ಅವಳು ಒಳಗೆ ಹೋಗಿ ನಿಂತಳು. ಚಕ್ರಪಾಣಿ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದ.

“ಹುಲಿ ನೋಡಿದ್ರಾ ತಾಯಿ?”

“ನೋಡ್ದೆ.”

“ನಿಮ್ಮ ಯಜಮಾನರು?”

ಗೋದಾ ಗಂಡನನ್ನು ನೋಡಿದಳು.

“ಅವರು ಏನು ನೋಡಿದ್ರು ಅಂತ ಅವರೇ ಹೇಳಿದಾರಲ್ಲ. ನಾನು ನೋಡಿದ್ದನ್ನ ನಾನು ಹೇಳ್ತೀನಿ.” ಅವಳು ಹೇಳಿದಳು: ಕಟ್ಟೆ, ಹಿಂದುಹಿಂದಾಗಿ ನೀರಿಗಿಳಿದದ್ದು, ಕತ್ತಿನವರೆಗೆ ಮುಳುಗಿ ಕುಳಿತದ್ದು, ಆಕಳಿಸಿದ್ದು. ಹರಿದ ಕಿವಿಯನ್ನೂ ಆ ನೋಟವನ್ನೂ ಮಾತ್ರ ತನ್ನಲ್ಲೇ ಇಟ್ಟುಕೊಂಡಳು.

ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ನಡುಮನೆಯೆಲ್ಲ ನಕ್ಕಿತು.

“ನೀರಿನೊಳಗಾ? ಹುಲೀನಾ?”

“ಅದೂ ಹಿಂದುಗಡೆಯಿಂದ! ಬಸ್ ರಿವರ್ಸ್ ತೊಗೊಂಡ ಹಾಗಾ ಗೋದಮ್ಮ?”

ದೊರೆಸ್ವಾಮಿ ಮೇಜು ಕುಟ್ಟಿದರು. ಅವರಿಗೆ ಬೇಕಾದದ್ದು ಸಿಕ್ಕಿತ್ತು. “ನಗಬೇಡಿ! ಎರಡು ಹೇಳಿಕೆ ಒಂದಕ್ಕೊಂದು ತಾಳೆ ಆಗ್ತಿಲ್ಲ. ಗೋದಮ್ಮ ಸುಳ್ಳು ಹೇಳಲ್ಲ ಅಂತ ಎಲ್ರಿಗೂ ಗೊತ್ತು. ಹಾಗಾದ್ರೆ ಸುಳ್ಳು ಹೇಳಿದ್ದು ಯಾರು?”

ಚಕ್ರಪಾಣಿಯನ್ನು ಕಾಪಾಡಿದವರು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಚೂಡಾಮಣಿ ಮೇಡಂ.

“ಯಾರೂ ಸುಳ್ಳು ಹೇಳಿಲ್ಲ ಸಾರ್. ಗೋದಮ್ಮ ಹೇಳಿದ್ದು ನಿಜಾನೇ. ಆದ್ರೆ ಅವರು ತಪ್ಪಾಗಿ ನೋಡಿದಾರೆ. ಹುಲಿ ನೀರಿಗೆ ಇಳಿಯಲ್ಲ ಅಂತ ಇಷ್ಟು ವರ್ಷದಿಂದ ಕೇಳ್ತಾ ಬಂದಿದೀವಿ. ನೀರಿಗೆ ಇಳಿದಿದ್ರೆ ಅದು ಹುಲಿ ಅಲ್ಲ, ಎಮ್ಮೆ ಇರ್ಬೇಕು. ಬಿಸಿಲಿಗೆ ನೆರಳು ಪಟ್ಟೆ ಪಟ್ಟೆಯಾಗಿ ಬಿದ್ದಿರತ್ತೆ, ಪಾಪ.”

ಸಭೆ ಸಮಾಧಾನದ ಉಸಿರು ಬಿಟ್ಟಿತು. ಭಾಷಣವನ್ನೂ ಗೋದಾಳ ಸತ್ಯಸಂಧತೆಯನ್ನೂ ಏಕಕಾಲಕ್ಕೆ ಉಳಿಸುವ ಇಂಥ ತೀರ್ಪು ದೊರೆಸ್ವಾಮಿಯ ನ್ಯಾಯಾಲಯದಲ್ಲಿಯೂ ಬಂದಿರಲಾರದು.

“ಮತ್ತೆ ಎರಡನೇ ಸಾಕ್ಷಿ?” ದೊರೆಸ್ವಾಮಿ ಬಿಡಲಿಲ್ಲ.

“ಚಕ್ರಪಾಣಿಯವರ ಹುಲಿ ಅವರ ಭಾಷಣದ ಹುಲಿಗೆ ಅಕ್ಷರಶಃ ತಾಳೆ ಆಗತ್ತಲ್ಲ ಸಾರ್! ಇನ್ನೇನು ಸಾಕ್ಷಿ ಬೇಕು?” ಎಂದು ಹಿಂದಿನಿಂದ ಯಾರೋ ಕೂಗಿದರು. “ಗೋದಮ್ಮ ನೋಡಿದ್ದು ಎಮ್ಮೆ ಅನ್ನೋರು ಕೈ ಎತ್ತಿ!”

ಕೈಗಳು ಎದ್ದವು. ದೊರೆಸ್ವಾಮಿಯವರದು ಏಳಲಿಲ್ಲ. ಚಕ್ರಪಾಣಿಯದೂ ಎದ್ದಿರಲಿಲ್ಲ. ಗೋದಾ ಆ ಕೈಯನ್ನೇ ನೋಡುತ್ತಿದ್ದಳು. ತೊಡೆಯ ಮೇಲಿದ್ದ ಅದರ ಬೆರಳುಗಳು ಪಂಚೆಯ ಅಂಚನ್ನು ಹಿಡಿದವು, ಬಿಟ್ಟವು. ಕಟ್ಟೆಯ ಬದಿಯಲ್ಲಿ ಹುಲಿಯ ಕಿವಿ ನೆಟ್ಟಗಾದಾಗಲೂ ಅವಳು ಇಷ್ಟು ಹೆದರಿರಲಿಲ್ಲ.

“ಚಕ್ರಪಾಣಿ ಸಾರ್, ನೀವು?”

ಅವನು ಹೆಂಡತಿಯನ್ನು ನೋಡಿದ. ಖಾಲಿ ಬಿದ್ದಿದ್ದ ಅಧ್ಯಕ್ಷರ ಕುರ್ಚಿಯನ್ನು ನೋಡಿದ. ಕೈ ಎತ್ತಿದ.

ಸಂಜೆ ಇಬ್ಬರೂ ನಡೆದೇ ಬಸವನಗುಡಿಗೆ ಹೊರಟರು. ಅಧ್ಯಕ್ಷರ ಕೈಯಲ್ಲಿ ಚೆಂಡುಹೂವಿನ ಹಾರವಿತ್ತು. ಗಾಂಧಿಬಜಾರಿನ ದೀಪಗಳು ಕಾಣುವಾಗ ಅವನು ತಡೆಯಲಾರದೆ ಕೇಳಿದ:

“ಗೋದಾ, ನಿಜವಾಗ್ಲೂ ನೀರಿಗಿಳೀತಾ?”

“ಎಮ್ಮೆ ಅಲ್ವೇ? ಇಳಿಯತ್ತೆ.”

“ತಮಾಷೆ ಬೇಡ ಕಣೇ. ಎಷ್ಟು ದೂರದಲ್ಲಿತ್ತು? ನಿನ್ನನ್ನ ನೋಡ್ತಾ? ಹುಲಿ ಮನುಷ್ಯರನ್ನ ಹೇಗೆ ನೋಡತ್ತೆ ಅಂತ ಯಾವ ಪುಸ್ತಕದಲ್ಲೂ ಸರಿಯಾಗಿ ಬರೆದಿಲ್ಲ.” ಅವನ ದನಿ ಹುಡುಗನ ದನಿಯಂತಾಗಿತ್ತು. ಕಾಡಿನಿಂದ ಬಂದ ಮೇಲೆ ಅವನು ಅವಳನ್ನು ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು.

ಹೇಳಿಬಿಡಲೇ ಎಂದು ಗೋದಾಗೆ ಒಂದು ಕ್ಷಣ ಅನಿಸಿತು.

“ನೀವೂ ನೋಡಿದೀರಲ್ಲ, ಬಂಡೆ ಮೇಲೆ. ಮುಂದಿನ ಸಭೇಲಿ ನಿಮ್ಮ ಭಾಷಣ ಇರತ್ತೆ. ಮುಂದಿನ ಸಾಲಲ್ಲೇ ಕೂತು ಕೇಳ್ಕೋತೀನಿ,” ಎಂದಳು.

ಅವಳು ತರಕಾರಿಯವಳ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಅಧ್ಯಕ್ಷರು ಹಾರವನ್ನು ಹೆಗಲಿಗೇರಿಸಿ, ಚೀಲದ ಬಾಯಿ ಅಗಲಿಸಿ ಹಿಡಿದು, ಅವಳ ಕಿವಿಯ ಹತ್ತಿರ ಬಗ್ಗಿದರು.

“ಕಣ್ಣು ಯಾವ ಬಣ್ಣ ಇತ್ತು? ಅದೊಂದಾದ್ರೂ ಹೇಳು ಗೋದಾ.”

“ಎಳೇದು ನೋಡಿ ಹಾಕಮ್ಮ,” ಎಂದಳು ಗೋದಾ, ಒಂದೊಂದೇ ಬದನೆಕಾಯಿಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತ. “ಮೊನ್ನೆ ಎಲ್ಲಾ ಬಲಿತುಹೋಗಿತ್ತು.”