ಒಡೆಯನ ಅಪ್ಪಣೆ

"ಯಾವ ಸೂಳೆಮಗ ಹೇಳಿದ್ನೋ ನಿಂಗೆ, ಒಲೆ ಹಚ್ಚಬೇಡ ಅಂತ?"

ತೋಟದ ದಣಿ ದೋನ್ ಎರ್ವಿನ್ ಕೇಳಿದ್ದು ಮೇಸ್ತ್ರಿ ಅಬೆಲಿನೋನನ್ನು. ಕೇಳುತ್ತಲೇ ಏಲಕ್ಕಿ ರಾಶಿಗೆ ಬೂಟುಗಾಲಲ್ಲಿ ಒದ್ದ. ರಾಶಿಯ ಒಳಗಿನಿಂದ ಹಬೆ ಎದ್ದಿತು. ಎರಡು ದಿನ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಗಿಡದ ಬುಡಕ್ಕೆ ಕೈಹಾಕಿ ನಾವು ಬಿಡಿಸಿದ ಹಸಿ ಕಾಯಿ ಅದು. ಒಣಗಿಸುವ ಒಲೆಯ ಬೆಂಕಿ ಕಾಣದೆ ಬಿದ್ದಲ್ಲೇ ಬೆವೆತು, ಬೆಂದು, ಹಳದಿಗೆ ತಿರುಗಿತ್ತು. ಹಸಿರು ಹೋದ ಏಲಕ್ಕಿಯನ್ನು ಕೊಬಾನ್ ಪೇಟೆಯಲ್ಲಿ ಮೂಸಿಯೂ ನೋಡುವುದಿಲ್ಲ.

ಅಬೆಲಿನೋ ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತಿದ್ದ.

"ನಿಮ್ದೇ ಅಪ್ಪಣೆ ಆಗ್ಯದೆ ಅಂದ್ರಲ್ಲ ಒಡೆಯಾ."

"ನಂದಾ? ನಾನ್ ಯಾವಾಗ ಅಂದೆನೋ? ಹೆಂಡ ಗಿಂಡ ಕುಡಿದಿದ್ದೀಯೇನೋ?"

"ಇಲ್ಲ ಒಡೆಯಾ. ತೊಮಾಸಾ ಬಂದು ಹೇಳುದ್ಲು. ನಿನ್ನೆ ಸಂಜೆ. 'ನಾಳೆ ಬೆಂಕಿ ಹಾಕಬ್ಯಾಡ, ಒಡೆಯನ ಅಪ್ಪಣೆ ಆಗ್ಯದೆ' ಅಂದ್ಲು. ನೀವು ಫೋನ್ ಮಾಡಿದ್ರೇನೋ ಅಂದ್ಕಂಡು ನಾನೂ ಸುಮ್ಕಾದೆ."

ಅಂಗಳದಲ್ಲಿ ನಿಂತಿದ್ದ ನಮ್ಮಲ್ಲಿ ಯಾರೋ ಒಬ್ಬ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ನನಗೆ ನಗು ಬರಲಿಲ್ಲ. ತೊಮಾಸಾ ನನ್ನ ತಮ್ಮನ ಹೆಂಡತಿ. ತಮ್ಮ ಗಡಿ ದಾಟಿ ಉತ್ತರಕ್ಕೆ ಹೋದವನು ತಿರುಗಿ ಬರಲಿಲ್ಲ. ನಾವಿಬ್ಬರೂ ಒಂದೇ ಲೈನ್ ಮನೆಯಲ್ಲಿ ಇರುವವರು. ಲೈನ್ ಮನೆ ತೋಟದ್ದು. ಅವಳು ಒಲೆಗೆ ಸೌದೆ ಹಾಕಿ, ನಾನು ಕಾಯಿ ಬಿಡಿಸಿ, ದಣಿಯ ಮನಸ್ಸು ಸರಿಯಿರುವ ತನಕ ಆ ಸೂರು ನಮ್ಮದು.

ನಮ್ಮ ಕೆಕ್ಚಿ ಮಾತಿನಲ್ಲಿ ದೇವರಿಗೂ ದಣಿಗೂ ಒಂದೇ ಪದ. ಒಡೆಯ. ಮೇಲೆ ಇರುವವನೂ ಒಡೆಯ, ದೊಡ್ಡಮನೆಯಲ್ಲಿ ಇರುವವನೂ ಒಡೆಯ. ಹುಟ್ಟಿದಾಗಿನಿಂದ ಹೀಗೇ ಅನ್ನುತ್ತ ಬಂದಿದ್ದೇವೆ. ಗೊಂದಲ ಅಂತ ಆದದ್ದೇ ಇಲ್ಲ, ಯಾಕೆಂದರೆ ಇಬ್ಬರಲ್ಲಿ ಜೀಪಿನಲ್ಲಿ ಬಂದು ಬೈಯುತ್ತಿದ್ದವನು ಒಬ್ಬನೇ. ಅವನಿಗೆ ನಮ್ಮ ಮಾತು ನಮ್ಮಷ್ಟೇ ಚೆನ್ನಾಗಿ ಬರುತ್ತದೆ. ಅವನ ತಾತ ಹಡಗಿನಲ್ಲಿ ಬಂದಿಳಿದವನು, ಮೊದಲು ಕಲಿತದ್ದೇ ನಮ್ಮ ಬೈಗುಳ.

"ಕರೀರೋ ಆ ಲೌಡಿನ," ಅಂದ ದೋನ್ ಎರ್ವಿನ್.

ಕರೆಯಲು ನಾನೇ ಹೋದೆ.

ತೊಮಾಸಾ ಮನೆಯಲ್ಲಿ ಕೂತಿದ್ದಳು. ಒಗೆದ ಲಂಗ ಉಟ್ಟಿದ್ದಳು, ತಲೆ ಬಾಚಿದ್ದಳು. ನಿನ್ನೆ ಹೊತ್ತು ಮುಳುಗುವ ಮುಂಚೆಯೇ ರೊಟ್ಟಿ ಸುಟ್ಟು, ಹುರುಳಿ ಬೇಯಿಸಿ ಮುಚ್ಚಿಟ್ಟಿದ್ದಳು. ಬೆಳಗ್ಗೆ ಎದ್ದವಳು ಹೊಳೆಯಾಚೆಯ ಪ್ರಾರ್ಥನೆ ಚಪ್ಪರಕ್ಕೆ ಹೋಗಿ ಬಂದು ಗೋಡೆಗೆ ಒರಗಿದ್ದಳು. ಕೈ ಎರಡೂ ಮಡಿಲಲ್ಲಿ ಇದ್ದವು. ಆ ಕೈಗಳು ಸುಮ್ಮನೆ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ.

"ಎದ್ದು ಬಾರಮ್ಮೀ. ದಣಿ ಬಂದವ್ನೆ. ಕಾಯೆಲ್ಲ ಹಾಳಾಗೋಯ್ತು. ಅಬೆಲಿನೋಗೆ ಅದೇನು ಹೇಳ್ದೆ ನೀನು?"

"ಇದ್ದುದ್ದನ್ನೇ ಹೇಳ್ದೆ ಕಣಕ್ಕ. ಒಡೆಯನ ಅಪ್ಪಣೆ ಆಗ್ಯದೆ ಅಂದೆ."

"ಯಾವ ಒಡೆಯ ಅಂತ ಬಿಡಿಸಿ ಹೇಳ್ಬಾರ್ದಾಗಿತ್ತಾ?"

"ಅವ್ನು ಕೇಳ್ನಿಲ್ಲ."

ಇವಳಿಗೆ ಎರಡು ಬಿಡಬೇಕು ಅನ್ನಿಸಿತು. ಆದರೆ ಅವಳ ಮುಖ ನೋಡಿದೆ. ಸ್ವಲ್ಪ ಹೊತ್ತಿನಲ್ಲಿ ಬೀದಿಗೆ ಬೀಳುವವಳ ಮುಖ ಅದಾಗಿರಲಿಲ್ಲ. ಹೊಟ್ಟೆ ತುಂಬ ಉಂಡು ಮಲಗಿ ಎದ್ದವಳ ಮುಖ ಇದ್ದ ಹಾಗಿತ್ತು. ನನಗೆ ಹೊಟ್ಟೆಕಿಚ್ಚಾಯಿತು. ಇದ್ದದ್ದು ಹೇಳುತ್ತೇನೆ, ಭಯಕ್ಕಿಂತ ಅದೇ ಜಾಸ್ತಿ ಆಯಿತು.

ಹೋದ ವರ್ಷದ ಕೊಯ್ಲಿನಲ್ಲಿ ಅವಳ ಮಗು ಮಿಕಾ ಸತ್ತಿತು. ಇನ್ನೂ ಅಂಬೆಗಾಲಿನ ಮಗು. ಮೈ ಕಾದಿತ್ತು. ಬೆನ್ನಿಗೆ ಕಟ್ಟಿಕೊಂಡೇ ತೊಮಾಸಾ ಒಲೆಮನೆಗೆ ಹೋದಳು. ಏಲಕ್ಕಿ ಒಣಗಿಸುವ ಒಲೆಗೆ ಒಮ್ಮೆ ಬೆಂಕಿ ಹಾಕಿದರೆ ಕಾಯಿ ಒಣಗಿ ಮುಗಿಯುವ ತನಕ ಒಂದೇ ಉರಿಯಲ್ಲಿ ಕಾಯಬೇಕು. ಮಧ್ಯಾಹ್ನ ಅವಳು ಅಬೆಲಿನೋನನ್ನು ಕೇಳಿದಳಂತೆ, "ಮಗು ಯಾಕೋ ಸಪ್ಪಗದೆ ಅಣ್ಣಾ, ಔಷಧಿ ಕೊಡ್ಸಿ ಬತ್ತೀನಿ" ಅಂತ. "ಬೆಂಕಿ ಆರಿದ್ರೆ ಒಡೆಯನಿಗೆ ಏನು ಹೇಳ್ಲವ್ವಾ? ಒಡೆಯನ ಮಾತು ಮೀರಕ್ಕಾದದಾ?" ಅಂದನಂತೆ ಅವನು. ಅವಳು ಮೀರಲಿಲ್ಲ. ಅಳು ನಿಂತಾಗ ಮಗು ನಿದ್ದೆ ಹೋಯಿತು ಅಂದುಕೊಂಡು ಸೌದೆ ಹಾಕುತ್ತಲೇ ಇದ್ದಳು. ಕೆಲಸ ಬಿಟ್ಟ ಮೇಲೆ ಬೆನ್ನಿಂದ ಇಳಿಸಿಕೊಂಡವಳು ನಾನು.

ಮಣ್ಣು ಮಾಡುವಾಗ ತೋಟದ ಚರ್ಚಿನ ಪಾಸ್ಟರ್ ರಾಮಿರೋ ಬಂದಿದ್ದ. ಅವನಿಗೆ ಮನೆ, ಜೋಳ, ಸಂಬಳ ಎಲ್ಲ ದೊಡ್ಡಮನೆಯಿಂದಲೇ. "ಒಡೆಯನೇ ಕೊಟ್ಟಿದ್ದು, ಒಡೆಯನೇ ಕರ್ಕೊಂಡ, ಅಳಬಾರದು" ಅಂದ. ತೊಮಾಸಾ ತಲೆ ಎತ್ತಿ ದೊಡ್ಡಮನೆಯ ಕಡೆ ನೋಡಿದಳು. ಪಾಸ್ಟರ್ ಆಕಾಶ ತೋರಿಸುತ್ತಿದ್ದ, ಇವಳು ಗುಡ್ಡದ ಮೇಲಿನ ಆ ಕೆಂಪು ಹೆಂಚುಗಳನ್ನೇ ನೋಡುತ್ತಿದ್ದಳು. ಅವಳು ಅತ್ತದ್ದು ನನಗೆ ನೆನಪಿಲ್ಲ. ಆಮೇಲೆ ತಿಂಗಳುಗಟ್ಟಲೆ ಉಣ್ಣು ಅಂದರೆ ಉಂಡಳು, ಏಳು ಅಂದರೆ ಎದ್ದಳು. ಒಲೆಮನೆಯ ಕಿಡಿ ಕೈಮೇಲೆ ಬಿದ್ದು ಚರ್ಮ ಸುಟ್ಟರೂ ಕೊಡವಿಕೊಳ್ಳುತ್ತಿರಲಿಲ್ಲ.

ಹೊಳೆಯಾಚೆ ಮಾರ್ಸೆಲೋ ತಾತ ಅಂತ ಇದ್ದಾನೆ. ಕತ್ತಾಳೆ ನಾರಿನಿಂದ ಹಗ್ಗ ಹೊಸೆಯುವವನು. ಅವನ ಗುಡಿಸಲ ಪಕ್ಕದ ಚಪ್ಪರದಲ್ಲಿ ಶನಿವಾರದ ಸಭೆ ಸೇರುತ್ತದೆ. ಊರವರು ಅವರನ್ನು ಶನಿವಾರದವರು ಅಂತಲೇ ಕರೆಯುವುದು. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಹೊತ್ತು ಮುಳುಗುವ ತನಕ ಅವರು ಬೆಂಕಿ ಹಚ್ಚುವುದಿಲ್ಲ, ಹೊರೆ ಎತ್ತುವುದಿಲ್ಲ. ಸೌದೆ ಕಟ್ಟಲು ಹಗ್ಗ ತರಲು ಹೋದ ತೊಮಾಸಾ ಅಲ್ಲಿ ಏನು ಕೇಳಿದಳೋ, ಮನೆಗೆ ಬಂದು ನನ್ನ ಮುಂದೆ ಕೂತಳು.

"ಅಕ್ಕಾ, ಒಡೆಯ ವಾರಕ್ಕೊಂದಿನ ಕೂತ್ಕೋ ಅಂದವ್ನಂತೆ."

"ಯಾರು, ದೋನ್ ಎರ್ವಿನ್ನಾ? ಬಿಸಿಲು ನೆತ್ತಿಗೇರ್ಯದಾ ಅವ್ನಿಗೆ?"

"ಅವ್ನಲ್ಲ. ಮೇಲಿನೋನು. ಕೂತ್ಕೋ ಅನ್ನೋದು ಅವ್ನ ಅಪ್ಪಣೆಯಂತೆ. ಕೂರ್ದಿದ್ರೆ ಅವ್ನ ಮಾತು ಮೀರ್ದಂಗಂತೆ." ತನ್ನ ಕೈ ನೋಡಿಕೊಂಡು, "ಇಲ್ಲೀಗಂಟ ನಂಗೆ ಯಾರೂ ಕೂತ್ಕೋ ಅಂದಿರ್ನಿಲ್ಲ ಕಣಕ್ಕ" ಅಂದಳು. ಆಗ ಅತ್ತಳು. ಮಿಕಾ ಹೋದ ಮೇಲೆ ಮೊದಲ ಸಲ ಬಾಯಿ ಬಿಟ್ಟು ಅತ್ತಳು. ನಾನು ಜೋಳ ಬೀಸುತ್ತಿದ್ದವಳು ಬೀಸುತ್ತಲೇ ಇದ್ದೆ, ಏನು ಮಾಡಬೇಕೋ ತಿಳಿಯಲಿಲ್ಲ.

ಹೋದ ಶನಿವಾರ ಬೆಳಗ್ಗೆ ಕೆಲಸಕ್ಕೆ ಮುಂಚೆ ಮಾರ್ಸೆಲೋ ತಾತ ಅವಳನ್ನು ಹೊಳೆಯಲ್ಲಿ ಮುಳುಗಿಸಿ ದೀಕ್ಷಾಸ್ನಾನ ಮಾಡಿಸಿದ. ಮುಂದಿನ ವಾರದಿಂದ ಕೂರುತ್ತೇನೆ ಅಂತ ಅವನಿಗೆ ಮಾತು ಕೊಟ್ಟಳಂತೆ. ಇವತ್ತೇ ಆ ಶನಿವಾರ. ನಾನು ನಂಬಿರಲಿಲ್ಲ. ನಾನು ಆ ಸಭೆಗೂ ಹೋಗುವವಳಲ್ಲ, ಈ ಚರ್ಚಿಗೂ ಹೋಗುವವಳಲ್ಲ. ಹಾಜರಿ ತೆಗೆದುಕೊಳ್ಳುತ್ತಾರೆ ಅಂತ ಭಾನುವಾರ ಹೋಗಿ ಬಾಗಿಲ ಹತ್ತಿರ ನಿಲ್ಲುತ್ತೇನೆ, ಅಷ್ಟೇ.

ಅಂಗಳಕ್ಕೆ ನಾವು ಬಂದಾಗ ಪಾಸ್ಟರ್ ರಾಮಿರೋನನ್ನೂ ಕರೆಸಿದ್ದರು. ತುಂತುರು ಬೀಳುತ್ತಿತ್ತು. ದೋನ್ ಎರ್ವಿನ್‌ಗೆ ಯಾರೋ ಕೊಡೆ ಹಿಡಿದಿದ್ದರು. ಅವನು ತೊಮಾಸಾಳನ್ನು ನೋಡಿ ಮೊದಲು ನಕ್ಕ.

"ಏನಮ್ಮಾ, ಒಡೆಯ ನಿಂಗೆ ಫೋನ್ ಮಾಡಿದ್ನಂತೆ?"

ಎಲ್ಲರೂ ನಕ್ಕರು. ನಗಬೇಕಾಗಿತ್ತು, ನಕ್ಕರು.

"ಪಾಸ್ಟ್ರೇ, ಹೇಳ್ರೀ ಇವ್ಳಿಗೆ. ಯಾರ ಮಾತು ಕೇಳ್ಬೇಕು ಅಂತ ಹೇಳ್ರೀ."

ರಾಮಿರೋ ಗಂಟಲು ಸರಿಮಾಡಿಕೊಂಡ. ಭಾನುವಾರದ ದನಿ ತೆಗೆದ. "ನೋಡು ತಂಗಿ, ಭೂಮಿ ಮೇಲಿನ ಒಡೆಯನಿಗೆ ಬಗ್ಗಿದ್ರೆ ಮೇಲಿನ ಒಡೆಯನಿಗೆ ಬಗ್ಗಿದ ಹಾಗೆ. ಇಲ್ಲಿ ಕೂಳು ಕೊಡೋರು ಯಾರು? ವಿಧೇಯತೆ ಅನ್ನೋದು ಇಲ್ಲಿಂದ್ಲೇ ಶುರುವಾಗೋದು."

"ಪಾಸ್ಟ್ರೇ, ಒಂದ್ ಮಾತು ಕೇಳ್ಲಾ?" ತೊಮಾಸಾಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಉಪ್ಪು ಇದೆಯಾ ಅಂತ ಕೇಳುವವಳ ಹಾಗೆ ಕೇಳಿದಳು. "ನನ್ ಮಗೂನ ಮಣ್ಣು ಮಾಡುವಾಗ ಒಡೆಯ ಕರ್ಕೊಂಡ ಅಂದ್ರಲ್ಲ. ಯಾವ ಒಡೆಯ?"

ರಾಮಿರೋ ಬಾಯಿ ತೆರೆದ. ಆಕಾಶ ನೋಡಿದ, ಕೊಡೆಯ ಕಡೆ ನೋಡಿದ. ಅಬೆಲಿನೋ ತನ್ನ ಕಾಲಿನ ಕೆಸರು ನೋಡತೊಡಗಿದ. ಕಾಯಿಯ ಬೆಂದ ವಾಸನೆ ಅಂಗಳದ ತುಂಬ ಇತ್ತು.

"ಎಷ್ಟೇ ನಿಂಗೆ ಕೊಬ್ಬು," ಅಂದ ದೋನ್ ಎರ್ವಿನ್. ನಗು ಹೋಗಿತ್ತು. "ಹೊಡಿಯೋ ಅವಳ್ಗೆ."

ಅಬೆಲಿನೋ ಹೊಡೆದ. ಅವಳು ತಲೆಗೆ ಹೊದ್ದಿದ್ದ ಟವೆಲು ಬಿತ್ತು. ಎತ್ತಿಕೊಂಡಳು.

"ಇಲ್ನೋಡು. ನಾನು ಕೆಟ್ಟೋನಲ್ಲ. ಎಲ್ಲರ ಮುಂದೆ 'ತಪ್ಪಾಯ್ತು ಒಡೆಯಾ' ಅನ್ನು. ಅಂದು ಹೋಗಿ ಒಲೆ ಹಚ್ಚು. ಮನೇಲಿ ಇದ್ಕೋ. ಅಷ್ಟೇ."

ನಾನು ಅವಳ ಪಕ್ಕೆ ತಿವಿದೆ. "ಅಂದುಬಿಡಮ್ಮೀ. ಒಂದ್ ಮಾತು. ನಾಲಿಗೆ ಸವೆಯಕಿಲ್ಲ. ನಿನ್ ಕಾಲಿಗೆ ಬೀಳ್ತೀನಿ."

ತೊಮಾಸಾ ನನ್ನನ್ನು ನೋಡಿದಳು. ನನಗಾಗಿ ಅವಳಿಗೆ ಸಂಕಟ ಆಯಿತು, ಅದು ಕಾಣುತ್ತಿತ್ತು. ಆಮೇಲೆ ದಣಿಯ ಕಡೆ ತಿರುಗಿದಳು.

"ತಪ್ಪಾಯ್ತು, ದೋನ್ ಎರ್ವಿನ್," ಅಂದಳು. "ಕಾಯಿ ಹಾಳಾಗಿದ್ದು ನಂಗೂ ಬೇಜಾರೆ. ನಾಳೆ ಬೆಳಕರಿಯೋ ಮುಂಚೆ ಹಚ್ತೀನಿ."

ನಮ್ಮ ಪೈಕಿ ಯಾರೂ, ನಮ್ಮ ಅಪ್ಪಂದಿರೂ, ಅವನನ್ನು ಎದುರಿಗೆ ಹೆಸರು ಹಿಡಿದು ಕರೆದವರಲ್ಲ. ಅವನ ಹೆಸರು ಅಷ್ಟು ಚಿಕ್ಕದು ಅಂತಲೇ ನನಗೆ ಗೊತ್ತಿರಲಿಲ್ಲ.

"ಒಡೆಯಾ ಅನ್ನೇ."

"ಅದು ಆಗಕಿಲ್ಲ."

"ಅನ್ನೇ ಮುಂಡೆ!"

"ಒಬ್ಬನಿಗೆ ಅಂದುಬಿಟ್ಟಿವ್ನಿ ದೋನ್ ಎರ್ವಿನ್."

ಅವನು ರಾಶಿಯಿಂದ ಕೈತುಂಬ ಬಿಸಿ ಕಾಯಿ ಬಾಚಿ ಅವಳ ಮುಖಕ್ಕೆ ಎಸೆದ. ಅವಳು ಕಣ್ಣು ಮುಚ್ಚಿ ತೆರೆದಳು. ಕೂದಲಲ್ಲಿ ಸಿಕ್ಕಿಕೊಂಡ ಕಾಯನ್ನು ತೆಗೆಯಲೂ ಇಲ್ಲ. ಅವನು ನನ್ನ ಕಡೆ ತಿರುಗಿದ.

"ಪೆತ್ರೋನಾ. ಮನೆ ನಿನಗೇ ಇರ್ಲಿ. ಒಲೆ ಕೆಲಸಾನೂ ನಿನ್ಗೇ. ಇವ್ಳನ್ನ ಆಚೆ ಹಾಕಿ ಹೋಗಿ ಬೆಂಕಿ ಹಚ್ಚು."

ನನಗೆ ಮನೆ ಬೇಕಾಗಿತ್ತು. ಇದನ್ನು ಮುಚ್ಚಿಡುವುದಿಲ್ಲ. ನನಗೆ ದೇವರು ಏನೂ ಅಪ್ಪಣೆ ಕೊಟ್ಟಿರಲಿಲ್ಲ. ನಾನು ಬಾಯಿ ತೆರೆದೆ. "ಆಗ್ಲಿ" ಅಂತ ಬಂತು. ಮುಂದಿನ ಪದ ಬರಲಿಲ್ಲ. ದಿನಕ್ಕೆ ಎಷ್ಟು ಸಲ ಅಂದಿದ್ದೇನೋ ಆ ಪದವನ್ನು, ಉಗುಳು ನುಂಗಿದಷ್ಟು ಸಲೀಸಾಗಿ. ಈಗ ಗಂಟಲಲ್ಲಿ ಅದು ಇರಲೇ ಇಲ್ಲ. ಧೈರ್ಯ ಅಂತ ಯಾರೂ ತಿಳಿಯಬೇಡಿ. ಹುಡುಕಿದೆ, ಸಿಗಲಿಲ್ಲ.

"ಆಗ್ಲಿ, ಏನು?"

ನಾನು ಸುಮ್ಮನೆ ನಿಂತೆ.

"ಇಬ್ರಿಗೂ ಬಂತಾ ರೋಗ? ಅಬೆಲಿನೋ, ಶೀಟು ಇಳಿಸು. ಈಗ್ಲೇ. ತಗಡು ನಂದು, ಜಂತಿ ನಂದು. ಅವರ ಗಂಟುಮೂಟೆ ಅವರು ಹೊತ್ಕೊಂಡು ಗೇಟು ದಾಟ್ಲಿ."

ಮನೆಗೆ ನಾವು ನಡೆದುಕೊಂಡು ಬರುವಷ್ಟರಲ್ಲಿ ಅಬೆಲಿನೋ ಇಬ್ಬರನ್ನು ಕರೆದುಕೊಂಡು ಏಣಿ ಹಾಕಿದ್ದ. ತೊಮಾಸಾ ಒಳಗೆ ಹೋಗಿ ಗೋಡೆಗೆ ಒರಗಿ ಮತ್ತೆ ಕೂತಳು. ಮೊಳೆ ಕೀಳುವ ಸದ್ದು ಶುರುವಾಯಿತು. ಮೊದಲ ತಗಡು ಹೋದಾಗ ಒಲೆಯ ಮೇಲೆ ಬೆಳಕು ಬಿತ್ತು, ಅದರ ಹಿಂದೆಯೇ ಮಳೆ. ಎರಡನೆಯದು ಹೋದಾಗ ಅವಳ ಹಾಸಿಗೆ ಒದ್ದೆಯಾಯಿತು.

"ಏಳ್ರವ್ವಾ," ಮೇಲಿಂದ ಅಬೆಲಿನೋ ಕೂಗಿದ. ದನಿ ಮೆತ್ತಗಿತ್ತು. "ಜೋಳದ ಚೀಲನಾದ್ರೂ ಎತ್ತಿ ಆಚಿಕ್ಕೆ ಇಡ್ರಿ. ನೆನೀತದೆ."

"ಹೊತ್ತು ಮುಳುಗ್ಲಿ ಅಬೆಲಿನೋ," ಅಂದಳು ತೊಮಾಸಾ. "ಹೊತ್ತು ಮುಳುಗೋಗಂಟ ಹೊರೆ ಎತ್ತಕಿಲ್ಲ."

"ದಣಿ ನನ್ನ ಕೊಂದಾಕ್ತಾನೆ ಕಣವ್ವಾ."

"ನೀನೂ ಇಳ್ದು ಬಂದು ಕೂತ್ಕೋ."

ಅವನು ಇನ್ನೊಂದು ಮೊಳೆ ಕಿತ್ತ. "ಪೆತ್ರೋನಾ, ನೀನಾದ್ರೂ ಎತ್ತವ್ವಾ. ನೀನು ಶನಿವಾರದೋಳಲ್ವಲ್ಲ" ಅಂದ.

ಚೀಲ ನನ್ನ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ವರ್ಷದ ಜೋಳ. ಚೀಲದ ಬಾಯಿ ಕಪ್ಪಗಾಗುತ್ತ ಬಂತು. ಎತ್ತಬೇಕು ಅಂತ ಅನ್ನಿಸಿತು, ಕೈ ಏಳಲಿಲ್ಲ. ನಾನು ತೊಮಾಸಾಳ ಪಕ್ಕ ಗೋಡೆಗೆ ಬೆನ್ನು ಕೊಟ್ಟು ಕೂತೆ. ಅವಳ ತುಟಿಗಳು ಅಲುಗುತ್ತಿದ್ದವು, ಪ್ರಾರ್ಥನೆ ಮಾಡುತ್ತಿದ್ದಳೋ, ಚಳಿಗೋ. ನನಗೆ ಪ್ರಾರ್ಥನೆ ಬರುವುದಿಲ್ಲ. ಕೈ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡೆ.

"ಇನ್ನೆಷ್ಟೊತ್ತು?" ಅಂದ ಅಬೆಲಿನೋ ಜಂತಿಯ ಮೇಲೆ ನೆನೆಯುತ್ತ ನಿಂತು.

ನಾವೆಲ್ಲರೂ ಮೇಲೆ ನೋಡಿದೆವು. ತಗಡಿರಲಿಲ್ಲ, ಆಕಾಶದ ತುಂಬ ಮೋಡ, ಹೊತ್ತು ಎಲ್ಲಿದೆ ಅಂತ ಯಾರಿಗೂ ಕಾಣಲಿಲ್ಲ.